ತಿಂಗಳುಗಟ್ಟಲೆ ನಿಂತ ಗಾಡಿ: ಚಾವಿ ತಿರುವುವ ಮೊದಲು

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಉಳಿತಾಯ, ಸಾಲ, ಪಾಸ್‌ಬುಕ್ಕು ಬಿಟ್ಟು ಸಂಘದ ಸಭೆಯಲ್ಲಿ ಎಂಜಿನ್ನಿನ ಮಾತು ಯಾಕೆ ಅಂತ ಕೆಲವರು ನಗ್ತಾ ಇದ್ದೀರಿ. ನಗ್ರಿ, ತೊಂದರೆಯಿಲ್ಲ. ಆದರೆ ಬಾಡಿಗೆ ಓಡಿಸೋಣ ಅಂತ ಸಾಲ ಮಾಡಿ ಕಾರು, ಗೂಡ್ಸ್ ಗಾಡಿ ತಗೊಂಡ ಮನೆಗಳು ಇಲ್ಲಿ ಎಷ್ಟಿಲ್ಲ? ಗಾಡಿ ಓಡಿಸುವವರು ಮನೆಯ ಗಂಡಸರು. ಕಂತು ತಪ್ಪಿದರೆ ಸಭೆಯಲ್ಲಿ ತಲೆ ತಗ್ಗಿಸಿ ಕೂಡುವವರು ನಾವು.

ನಮ್ಮ ಭಾಗದಲ್ಲಿ ಗಾಡಿ ನಿಲ್ಲೋದು ಹೊಸದಲ್ಲ. 2023ರಲ್ಲಿ ಮಳೆ ಕೈಕೊಟ್ಟು ತುಂಗಭದ್ರಾ ಜಲಾಶಯ ತುಂಬಲಿಲ್ಲ, ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಯಿತು. ಆಮೇಲೆ ಹಳೆಯ ಗೇಟು ಬದಲಿಸುವ ಕೆಲಸಕ್ಕಾಗಿ 2025-26ರಲ್ಲಿಯೂ ಎರಡನೇ ಬೆಳೆ ಇಲ್ಲ ಅಂತಾಯಿತು. ಭತ್ತ ಇಲ್ಲ ಅಂದ್ರ ಸಿಂಧನೂರಿನ ಕಡೆ ಬಾಡಿಗೆಯೂ ಇಲ್ಲ. ಲಿಂಗಸುಗೂರು, ಮಸ್ಕಿ ಕಡೆಯ ಒಣಭೂಮಿಯ ಊರುಗಳಲ್ಲಂತೂ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋಗ್ತಾರೆ. ಗಾಡಿ ಅಂಗಳದಲ್ಲೋ ತಗಡಿನ ಶೆಡ್ಡಿನಲ್ಲೋ ಆರು ತಿಂಗಳು ನಿಲ್ತದೆ. ಮಳೆ ಬಿದ್ದು ತಿರುಗಿ ಬಂದ ದಿನ ಬ್ಯಾಗು ಕೆಳಗಿಡುವುದಕ್ಕೂ ಮೊದಲು ಗಾಡಿಯ ಚಾವಿ ತಿರುವ್ತಾರೆ. ಕೆಲಸ ಕೆಡುವುದು ಅಲ್ಲೇ.

ನಮ್ಮ ಮನೆಯಲ್ಲೇ ಆಗಿದ್ದು ಹೇಳ್ತೀನಿ. ಏಳು ತಿಂಗಳು ನಿಂತ ಡೀಸೆಲ್ ಗಾಡಿ. ನನ್ನ ಮೈದುನ ಬಂದವನೇ ಸೆಲ್ಫ್ ಹೊಡೆದ. ಹತ್ತಲಿಲ್ಲ. ಬಿಡದೆ ಹೊಡೆದ, ಮತ್ತೆ ಹೊಡೆದ. ಸುಟ್ಟ ವಾಸನೆ ಬಂದ ಮೇಲೆ ಬಾನೆಟ್ ಎತ್ತಿ ನೋಡಿದರೆ ಇಲಿ ಗೂಡು ಕಟ್ಟಿತ್ತು! ಏರ್ ಫಿಲ್ಟರಿನ ಡಬ್ಬಿ ತುಂಬ ಹುಲ್ಲು, ಅರಿವೆ ಚೂರು; ವೈರು ಕಡಿದು ತಾಮ್ರ ಹೊರಗೆ ಬಂದಿತ್ತು. ಸೆಲ್ಫ್ ಮೋಟಾರ್ ಸುಟ್ಟಿತು. ಆ ತಿಂಗಳ ಕಂತು ಮೆಕ್ಯಾನಿಕ್ಕಿನ ಕೈ ಸೇರಿತು. ಮೊದಲೇ ಬಾನೆಟ್ ಎತ್ತಿದ್ದರೆ ಅರ್ಧ ತಾಸಿನ ಕೆಲಸ ಅದು.

ಹಂಗಾಗಿ ಚಾವಿ ನಿಮ್ಮ ಸೆರಗಿನಲ್ಲಿ ಕಟ್ಟಿಕೊಂಡಿರ್ರಿ, ಮೊದಲು ಬಾನೆಟ್ ಎತ್ತಿಸ್ರಿ. ಬರಿಗೈ ಹಾಕಬ್ಯಾಡ್ರಿ. ಇಲಿ ಇದ್ದಲ್ಲಿ ಹಾವು ಬರ್ತದೆ, ಉದ್ದ ಕೋಲಿನಿಂದ ಬಡಿದು ನೋಡ್ರಿ. ಗಾಡಿಯ ಕೆಳಗೆ ನೆಲದ ಮೇಲೆ ಎಣ್ಣೆಯ ಕಲೆ ಇದೆಯೇ ಬಗ್ಗಿ ನೋಡ್ರಿ. ಆಯಿಲ್ ಕಡ್ಡಿ ಎಳೆದು ನೋಡ್ರಿ. ಆಯಿಲ್ ಗೆರೆಯ ಮಟ್ಟಕ್ಕಿರಬೇಕು. ಹಾಲು ಬೆರೆಸಿದ ಚಹಾದಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ಅಂಥ ಎಂಜಿನ್ ಚಾಲೂ ಮಾಡಲೇಬಾರದು, ಮೆಕ್ಯಾನಿಕ್ಕನ್ನು ಕರೆಸ್ರಿ. ರೇಡಿಯೇಟರಿನ ಕೂಲೆಂಟ್ ತಣ್ಣಗಿದ್ದಾಗಲೇ ನೋಡ್ಬೇಕು.

ಟ್ಯಾಂಕಿನ ಹಳೆಯ ಡೀಸೆಲ್ಲಿನ ತಳದಲ್ಲಿ ನೀರು ನಿಂತಿರ್ತದೆ. ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಸ್ವಲ್ಪ ಗಾಜಿನ ಬಾಟಲಿಗೆ ಹಿಡಿದರೆ ಗೊತ್ತಾಗ್ತದೆ: ನೀರು ಕೆಳಗೆ, ಡೀಸೆಲ್ ಮೇಲೆ. ಪೆಟ್ರೋಲ್ ಗಾಡಿಯಾದರೆ ಇನ್ನೂ ಎಚ್ಚರ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಇರ್ತದೆ, ಅದು ಗಾಳಿಯ ತೇವ ಹೀರಿಕೊಳ್ತದೆ. ಬಹಳ ದಿನ ನಿಂತದ್ದನ್ನು ತೆಗೆಸಿ ಹೊಸದು ಹಾಕಿಸೋದು ಒಳ್ಳೇದು.

ಆದರೆ ತೆಗೆಯುವುದು ಹೇಗೆ? ಪೈಪಿಗೆ ಬಾಯಿ ಹಚ್ಚಿ ಎಳೀತಾರೆ. ಇದನ್ನ ದಯವಿಟ್ಟು ಮಾಡಿಸಬ್ಯಾಡ್ರಿ. ಅದರಲ್ಲೂ ಹುಡುಗರ ಕೈಲಿ. ನಮ್ಮ ಓಣಿಯ ಹದಿನಾರರ ಹುಡುಗನೊಬ್ಬ ಒಂದು ಗುಟುಕು ನುಂಗಿ ಕೆಮ್ಮಿದ. ಸಂಜೆಗೆ ಜ್ವರ, ಉಸಿರು ಕಟ್ಟಿದಂತೆ. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಇಳಿದ ನಾಲ್ಕು ಹನಿ ಕೇಡು. ಅವನ ಅಜ್ಜಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದಳು. ಪಾಪ, ಆಕೆಗೆ ತಿಳಿದದ್ದು ಅಷ್ಟೇ. ವಾಂತಿಯಾಗುವಾಗ ಅದು ಮತ್ತೊಮ್ಮೆ ಶ್ವಾಸಕೋಶಕ್ಕೆ ಇಳೀತದೆ. ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಹುಡುಗ ಉಳಿದ, ಆದರೆ ಆಸ್ಪತ್ರೆಯಲ್ಲಿ ಒಂದು ವಾರ ಕಳೆದ. ಕೈಪಂಪು ಅಂಗಡಿಯಲ್ಲಿ ಸಿಗ್ತದೆ, ಸಂಘಕ್ಕೊಂದು ಇಟ್ಟುಕೊಳ್ರಿ.

ಬ್ಯಾಟರಿ ಇಳಿದೇ ಇರ್ತದೆ. ಚಾರ್ಜ್ ಆಗುವಾಗ ಅದರಿಂದ ಹೊತ್ತಿಕೊಳ್ಳುವ ಗ್ಯಾಸ್ ಬರ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬೇರೆ ಗಾಡಿಯಿಂದ ಕರೆಂಟ್ ಕೊಡಿಸುವುದಾದರೆ ಪ್ಲಸ್ಸಿಗೆ ಪ್ಲಸ್ ಕೊಟ್ಟು, ಕೊನೆಯ ಕರಿ ವೈರನ್ನು ಇಳಿದ ಬ್ಯಾಟರಿಗೆ ಹಚ್ಚದೆ ಎಂಜಿನ್ನಿನ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ ಹಚ್ಚಬೇಕು. ಪಕ್ಕದ ಲಾರಿಯಿಂದ ತಗೊಳ್ಳೋಣ ಅಂತಾರೆ. ಲಾರಿಗೆ 24 ವೋಲ್ಟ್, ಕಾರಿಗೆ 12. ಕೊಟ್ಟರೆ ಕಾರಿನ ವೈರಿಂಗೇ ಹೋದೀತು.

ಇಷ್ಟಾದ ಮೇಲೆ ಚಾಲೂ ಮಾಡುವ ಮಾತು. ಗಾಡಿಯನ್ನು ಶೆಡ್ಡಿನಿಂದ ನೂಕಿ ಬಯಲಿಗೆ ತರ್ರಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿದರೆ ಕಾರ್ಬನ್ ಮೊನಾಕ್ಸೈಡ್ ತುಂಬ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ ಅಂತ ಕೂತವರು ಏಳದೆ ಹೋಗಬಹುದು. ಮಕ್ಕಳು ದೂರ ಇರಲಿ. ಚಕ್ರಕ್ಕೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್ಲಿಗೆ ಹಾಕಿ, ಬ್ರೇಕ್ ಒತ್ತಿ ನೋಡಿ ಆಮೇಲೆ ಸೆಲ್ಫ್. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡ್ರಿ. ಮೂರ್ನಾಲ್ಕು ಸಲಕ್ಕೂ ಹತ್ತದಿದ್ದರೆ ಬಿಟ್ಟುಬಿಡ್ರಿ, ಕಾರಣ ಬೇರೆ ಇದೆ. ಹತ್ತಿದರೆ ಎದುರಿನ ಕೆಂಪು ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ಬಂದ್ ಮಾಡ್ರಿ. ಆಕ್ಸಿಲರೇಟರ್ ತುಳಿದು ಸದ್ದು ಮಾಡೋದು ನಮ್ಮ ಹುಡುಗರ ಚಟ. ಬಹಳ ದಿನ ನಿಂತ ಎಂಜಿನ್ನಿಗೆ ಆಯಿಲ್ ಮೇಲಕ್ಕೆ ಏರುವವರೆಗೆ ಅದೇ ವಿಷ.

ಮುಂದಿನ ಸಲ ಗುಳೆ ಹೋಗುವ ಮುಂಚೆ ಬ್ಯಾಟರಿಯ ಮೈನಸ್ ವೈರು ಬಿಚ್ಚಿಡ್ರಿ. ಡೀಸೆಲ್ ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ನೀರು ಕಟ್ಟುವುದು ಕಡಿಮೆ. ಮತ್ತೊಂದು: ಗಾಡಿ ನಿಂತರೂ ಇನ್ಶೂರೆನ್ಸಿನ ತಾರೀಕು ನಿಲ್ಲುವುದಿಲ್ಲ. ಚಾಲೂ ಆಯಿತೆಂದು ಸಂತೆಗೆ ಹೊರಡುವ ಮೊದಲು ಆ ಕಾಗದವನ್ನೂ, ಹೊಗೆ ಪರೀಕ್ಷೆಯ ಚೀಟಿಯನ್ನೂ ಒಮ್ಮೆ ತೆಗೆದು ನೋಡ್ರಿ.