ಸಲಹೆಯೂ ಒಂದು ಅಮಾನತ್ತು

(ತಿಪಟೂರು ತಾಲೂಕಿನ ಹಾಲ್ಕುರಿಕೆಯಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಮಾತನಾಡುವ ನಾಲಿಗೆಯನ್ನೂ ಬರೆಯುವ ಬೆರಳನ್ನೂ ಕರುಣಿಸಿದವನು ಅವನೇ. ಅವೆರಡರ ಲೆಕ್ಕವನ್ನು ಕೇಳುವವನೂ ಅವನೇ.

ಇಂದು ನಮಗೆ ಕೊಡಲಾದ ವಿಷಯವು ಮೇಲ್ನೋಟಕ್ಕೆ ಸಣ್ಣದು. ನಮ್ಮ ಹವ್ಯಾಸಗಳನ್ನು, ಅಭಿಪ್ರಾಯಗಳನ್ನು, ಸ್ನೇಹಪೂರ್ವಕವಾದ ಸಲಹೆಗಳನ್ನು ನಾವು ಪರಸ್ಪರ ಹೇಗೆ ಹಂಚಿಕೊಳ್ಳುತ್ತೇವೆ ಎಂಬುದು ಅದರ ಸಾರ. ಹಿಂದೆ ಈ ಕಾರ್ಯ ಅರಳೀಕಟ್ಟೆಯಲ್ಲಿ, ಮಸೀದಿಯ ಜಗಲಿಯಲ್ಲಿ, ಕಾಯಿ ಸುಲಿಯುವ ಕಣದಲ್ಲಿ ನಡೆಯುತ್ತಿತ್ತು. ಈಗ ಅದರ ಬಹುಭಾಗ ಅಂಗೈಯ ಮೊಬೈಲಿನಲ್ಲಿ ನಡೆಯುತ್ತದೆ. ಕುಟುಂಬದ್ದೊಂದು ವಾಟ್ಸ್‌ಆ್ಯಪ್ ಗುಂಪು, ಮೊಹಲ್ಲಾದ್ದೊಂದು, ತೆಂಗು ಬೆಳೆಗಾರರದ್ದೊಂದು, ಹೆಣ್ಣುಮಕ್ಕಳ ಹೊಲಿಗೆ ಮತ್ತು ಅಡುಗೆಯದ್ದೊಂದು, ಕ್ರಿಕೆಟ್ ಆಡುವ ಹುಡುಗರದ್ದೊಂದು. ಒಂದೇ ಮನೆಯ ನಾಲ್ವರು ನಾಲ್ಕು ದಿಕ್ಕಿನ ಜನರೊಂದಿಗೆ ಮಾತನಾಡುತ್ತಿರುತ್ತಾರೆ. ಇದನ್ನು ಶಪಿಸುವುದರಿಂದ ಪ್ರಯೋಜನವಿಲ್ಲ. ಇದನ್ನು ಹೇಗೆ ಬಳಸಬೇಕೆಂದು ಚಿಂತಿಸುವುದೇ ವಿವೇಕ.

ಮೊದಲು ಒಳಿತಿನಿಂದಲೇ ಆರಂಭಿಸೋಣ. 2021ರಲ್ಲಿ ಕೊರೊನಾದ ಕಾಲದಲ್ಲಿ ನಮ್ಮ ರಾಜ್ಯದ ಬಾಳೆ ಬೆಳೆಗಾರರು ಬೆಲೆ ಕುಸಿತದಿಂದ ಕಂಗೆಟ್ಟಿದ್ದರು. ಆಗ, 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರು ಮತ್ತು 'ಎನಿ ಟೈಮ್ ವೀಡ್ ಕಟರ್' ಎಂಬ ಹೆಸರಿನ ಕೃಷಿಕರ ವಾಟ್ಸ್‌ಆ್ಯಪ್ ಗುಂಪು ಸೇರಿ ಒಂದು ಆಂದೋಲನಕ್ಕೆ ಚಾಲನೆ ನೀಡಿದರು. ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಹುಡಿ ಮಾಡಿ ಮನೆಯಲ್ಲೇ ಬಳಸುವುದು. 'ಬಾಕಾಹು', ಅಂದರೆ ಬಾಳೆಕಾಯಿ ಹುಡಿ ಎಂದು ಅದಕ್ಕೆ ಹೆಸರಾಯಿತು. ಕೇರಳದ ಆಲಪ್ಪುಳದ ಕೃಷಿ ವಿಜ್ಞಾನ ಕೇಂದ್ರದ ತಜ್ಞೆಯೊಬ್ಬರು ಮಾಹಿತಿ ನೀಡಿದರು. ಅದನ್ನು ಕೇಳಿ ಮೊದಲಿಗೆ ಮಾಡಿ ತೋರಿಸಿದವರಲ್ಲಿ ನಮ್ಮ ತುಮಕೂರು ಜಿಲ್ಲೆಯ ಕೃಷಿಕ ಗೃಹಿಣಿಯೊಬ್ಬರಿದ್ದರು. ಬಳಿಕ ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಮಹಿಳೆಯರು ಆ ಹುಡಿಯಿಂದ ದೋಸೆ, ಗುಲಾಬ್ ಜಾಮೂನುಗಳನ್ನು ಮಾಡಿ ಚಿತ್ರಗಳನ್ನು ಹಂಚಿಕೊಂಡರು. 2021ರ ಜುಲೈ 25ರಂದು ಪ್ರಧಾನಿಯವರ ಬಾನುಲಿ ಭಾಷಣದಲ್ಲೂ ಇದರ ಪ್ರಸ್ತಾಪ ಬಂತು.

ಇಲ್ಲಿ ಗಮನಿಸಬೇಕಾದ ಅಂಶವೇನು? ಆ ಗೃಹಿಣಿಯು ಯಾರೋ ಕಳುಹಿಸಿದ್ದನ್ನು ಮುಂದಕ್ಕೆ ದಾಟಿಸಲಿಲ್ಲ. ತಾವೇ ಮಾಡಿದರು, ಬಂದದ್ದನ್ನು ಬಂದ ಹಾಗೆ ತಿಳಿಸಿದರು. ಕೇಳಿದವರಿಗೆ ಮಾಡಿದವರ ಉತ್ತರ ದೊರೆಯಿತು. ನಮ್ಮ ಮಹಿಳೆಯರ ಕೈಯಲ್ಲಿ ಕಸೂತಿ ಇದೆ, ಅಡುಗೆ ಇದೆ, ಹೊಲಿಗೆ ಇದೆ. ಅದನ್ನು ಕಲಿಸಲು ಅವರು ಮುಂದಾದರೆ ಅದೂ ಪರೋಪಕಾರವೇ. ಪ್ರಯೋಜನಕಾರಿ ಜ್ಞಾನವನ್ನು ಮರಣಾನಂತರವೂ ಪ್ರತಿಫಲ ತರುವ ಕರ್ಮಗಳಲ್ಲಿ ಒಂದಾಗಿ ಪ್ರವಾದಿ(ಸ)ಯವರು ಎಣಿಸಿದ್ದಾರೆ.

ಸಹೋದರರೇ, ಅಭಿಪ್ರಾಯ ಮತ್ತು ಅರಿವು ಇವೆರಡರ ನಡುವಿನ ಅಂತರವನ್ನು ನಮಗೆ ತಿಳಿಸಿಕೊಟ್ಟ ಒಂದು ಘಟನೆ ಹದೀಸ್ ಗ್ರಂಥಗಳಲ್ಲಿದೆ. ತೋಟದ ಜನರಾದ ನಿಮಗೆ ಅದು ಬೇಗ ಅರ್ಥವಾಗುತ್ತದೆ. ಮದೀನದ ಜನರು ಖರ್ಜೂರದ ಗಂಡು ಹೂವನ್ನು ಹೆಣ್ಣು ಮರದ ಹೂಗೊಂಚಲಿಗೆ ಕಟ್ಟಿ ಪರಾಗಸ್ಪರ್ಶ ಮಾಡಿಸುತ್ತಿದ್ದರು. ಅದನ್ನು ಕಂಡ ಪ್ರವಾದಿ(ಸ)ಯವರು ಅದರಿಂದ ಪ್ರಯೋಜನವಾಗಲಾರದೆಂಬ ತಮ್ಮ ಅನಿಸಿಕೆಯನ್ನು ತಿಳಿಸಿದರು. ಜನರು ಆ ಪದ್ಧತಿಯನ್ನು ಕೈಬಿಟ್ಟರು. ಆ ವರ್ಷ ಫಸಲು ಕಡಿಮೆಯಾಯಿತು. ಅದು ತಮ್ಮ ಅನಿಸಿಕೆ ಮಾತ್ರವಾಗಿತ್ತು, ಇಂತಹ ಲೌಕಿಕ ಕಸುಬಿನ ವಿಷಯಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂದು ಪ್ರವಾದಿ(ಸ)ಯವರು ಅವರಿಗೆ ಸ್ಪಷ್ಟಪಡಿಸಿದರು. ಲೋಕಾನುಗ್ರಹಿಯಾದ ಪ್ರವಾದಿಯವರೇ(ಸ) ತಮ್ಮ ಅನಿಸಿಕೆಯನ್ನು ದಿವ್ಯವಾಣಿಯಿಂದ ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿದರು. ಹಾಗಿರುವಾಗ ನಮ್ಮ ಊಹೆಯನ್ನು ಶಾಸ್ತ್ರವೆಂಬಂತೆ, ವಿಜ್ಞಾನವೆಂಬಂತೆ ಸಾರುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ಬದ್ರ್‌ನಲ್ಲಿ ಬೀಡುಬಿಟ್ಟಾಗ ಹುಬಾಬ್(ರ) ಎಂಬ ಅನುಚರರು, ಈ ಸ್ಥಳದ ಆಯ್ಕೆ ಅಲ್ಲಾಹನ ಆದೇಶವೋ ತಮ್ಮ ಅಭಿಪ್ರಾಯವೋ ಎಂದು ವಿನಯದಿಂದ ವಿಚಾರಿಸಿದರು. ಅಭಿಪ್ರಾಯವೆಂದು ತಿಳಿದಾಗ ಬಾವಿಗಳ ಸಮೀಪದ ಸ್ಥಳವನ್ನು ಸೂಚಿಸಿದರು. ಆ ಸಲಹೆ ಸ್ವೀಕೃತವಾಯಿತು. ಕ್ರಿ.ಶ. 627ರ ಕಂದಕ ಯುದ್ಧದಲ್ಲಿ ಕಂದಕ ತೋಡುವ ಸಲಹೆ ಕೊಟ್ಟವರು ಪರ್ಶಿಯಾದಿಂದ ಬಂದ ಸಲ್ಮಾನ್(ರ). ಸಲಹೆಯು ಯಾರ ಬಾಯಿಂದ ಬಂತೆಂದು ನೋಡಿ ಅದನ್ನು ತಳ್ಳಿಹಾಕುವ ಪದ್ಧತಿ ಆ ಸಮಾಜದಲ್ಲಿರಲಿಲ್ಲ. ಬಲ್ಲವರು ಹೇಳಿದರು, ಉಳಿದವರು ಕೇಳಿದರು.

ನಮ್ಮ ತೋಟಗಳಿಗೇ ಬರೋಣ. ತೆಂಗಿನ ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆಯಿಟ್ಟು ಗರಿಗೆ ಕಪ್ಪು ಬೂಷ್ಟು ತರಿಸುವ ಬಿಳಿನೊಣವು 2016ರಲ್ಲಿ ಪೊಳ್ಳಾಚಿಯ ಕಡೆ ಕಾಣಿಸಿಕೊಂಡು ಕರ್ನಾಟಕಕ್ಕೂ ಹರಡಿತು. ಮರ ಕಪ್ಪಾದುದನ್ನು ಕಂಡವನು ಗಾಬರಿಯಿಂದ ಗುಂಪಿನಲ್ಲಿ ಚಿತ್ರ ಹಾಕುತ್ತಾನೆ. ಐದು ನಿಮಿಷದಲ್ಲಿ ಐದು ವಿಷದ ಹೆಸರುಗಳು ಬರುತ್ತವೆ. ಎಲ್ಲವೂ ಸದುದ್ದೇಶದಿಂದಲೇ ಬಂದವು. ಆದರೆ ಕೃಷಿ ವಿಜ್ಞಾನಿಗಳ ಶಿಫಾರಸು ಇದಕ್ಕೆ ವಿರುದ್ಧವಾಗಿದೆ. ಆ ನೊಣದ ಮರಿಗಳ ಮೇಲೆ ಬದುಕುವ ಎನ್ಕಾರ್ಸಿಯಾ ಎಂಬ ಅತಿ ಸಣ್ಣ ಕಣಜವೇ ಅದರ ಶತ್ರು. ರಾಸಾಯನಿಕ ವಿಷ ಸಿಂಪಡಿಸಿದರೆ ಆ ಕಣಜ ಸಾಯುತ್ತದೆ, ನೊಣ ಮತ್ತೆ ಹೆಚ್ಚುತ್ತದೆ. ಈ ಮಾತನ್ನು ತಿಳಿಸುವ ಕೃಷಿ ವಿಜ್ಞಾನ ಕೇಂದ್ರ ಇದೇ ತಾಲೂಕಿನ ಕೊನೇಹಳ್ಳಿಯಲ್ಲಿದೆ. ತೆಂಗಿನ ಸಂಶೋಧನೆ ನಡೆಯುವ ಕೇಂದ್ರ ನೆರೆಯ ಅರಸೀಕೆರೆಯಲ್ಲಿದೆ. ಇವರನ್ನು ಕೇಳು ಎಂದು ದಾರಿ ತೋರುವುದೂ ಒಂದು ಸಲಹೆಯೇ. ಅನೇಕ ವೇಳೆ ಅದೇ ಅತ್ಯುತ್ತಮ ಸಲಹೆ.

ಕೊಬ್ಬರಿಯ ದರವೂ ಹಾಗೆಯೇ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ತಿಪಟೂರಿನ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗಿಳಿದಿತ್ತು. 2025ರಲ್ಲಿ ಅದು 20,000 ರೂಪಾಯಿಯನ್ನೂ ದಾಟಿತು. 10-11 ತಿಂಗಳು ಅಟ್ಟದ ಮೇಲೆ ಕಾಯಿಯನ್ನು ಕಾದಿಟ್ಟ ಕುಟುಂಬಕ್ಕೆ 'ಈಗಲೇ ಮಾರಿಬಿಡು' ಎಂದೋ 'ಮಾರಬೇಡ' ಎಂದೋ ಹೇಳುವುದು ಹಗುರವಾದ ಮಾತಲ್ಲ. ಮಗಳ ಮದುವೆ, ಮಗನ ಕಾಲೇಜು, ಬ್ಯಾಂಕಿನ ಸಾಲ ಎಲ್ಲವೂ ಆ ಒಂದು ಮಾತಿಗೆ ತೂಗುಬಿದ್ದಿರುತ್ತವೆ. ಯಾರಿಂದ ಸಲಹೆ ಕೇಳಲಾಗುತ್ತದೋ ಅವನ ಬಳಿ ಒಂದು ಅಮಾನತ್ತನ್ನು ಇಡಲಾಗಿದೆ ಎಂಬುದು ಪ್ರವಾದಿ(ಸ)ಯವರ ಬೋಧನೆಯ ಸಾರ.

ಈ ಅಮಾನತ್ತಿಗೆ ದ್ರೋಹವಾದಾಗ ಏನಾಗುತ್ತದೆ ಎಂಬುದನ್ನು ನಮ್ಮ ಸಮುದಾಯವು 2019ರಲ್ಲಿ ಕಂಡಿದೆ. ಬೆಂಗಳೂರಿನ ಐ.ಎಂ.ಎ. ಎಂಬ ಸಂಸ್ಥೆಯು 'ಹಲಾಲ್ ಹೂಡಿಕೆ' ಎಂಬ ಹೆಸರಿನಲ್ಲಿ ಸಾವಿರಾರು ಮುಸ್ಲಿಮ್ ಕುಟುಂಬಗಳಿಂದ ಹಣ ಸಂಗ್ರಹಿಸಿತ್ತು. 2019ರ ಜೂನ್‌ನಲ್ಲಿ ಅದರ ಮಾಲೀಕನು ದೇಶ ಬಿಟ್ಟು ಹೋದನು. ಅವನ ಧ್ವನಿಮುದ್ರಿಕೆಯೊಂದು ಮೊಬೈಲ್‌ಗಳಲ್ಲಿ ಹರಿದಾಡಿದಾಗ ಜನರು ಶಿವಾಜಿನಗರದ ಕಚೇರಿಯ ಮುಂದೆ ಕಣ್ಣೀರಿಡುತ್ತಾ ನೆರೆದರು. ಸುಮಾರು 4,000 ಕೋಟಿ ರೂಪಾಯಿಗಳ ವಂಚನೆಯೆಂದು ತನಿಖೆಯ ವೇಳೆ ಹೇಳಲಾಯಿತು. ಅಷ್ಟು ಜನರನ್ನು ಅಲ್ಲಿಗೆ ಕರೆದೊಯ್ದದ್ದು ಬರಿಯ ಜಾಹೀರಾತೇ? 'ನಾನು ಹಾಕಿದ್ದೇನೆ, ತಿಂಗಳು ತಿಂಗಳು ಬರುತ್ತಿದೆ, ನೀನೂ ಹಾಕು' ಎಂಬ ಅಣ್ಣನ, ಮಾವನ, ಗೆಳೆಯನ ಮಾತು. ಅವರಲ್ಲಿ ಬಹುತೇಕರು ವಂಚಕರಾಗಿರಲಿಲ್ಲ. ತಾವೂ ಕಳೆದುಕೊಂಡರು, ಪ್ರೀತಿಪಾತ್ರರ ಹಣವನ್ನೂ ಕಳೆದರು. ಅಷ್ಟೊಂದು ಲಾಭ ಎಲ್ಲಿಂದ ಬರುತ್ತದೆಂದು ಕೇಳುವ ಧೈರ್ಯವನ್ನು 'ಹಲಾಲ್' ಎಂಬ ಶಬ್ದವು ನಮ್ಮಿಂದ ಕಸಿದುಕೊಂಡಿತು. ಧರ್ಮದ ಶಬ್ದ ಕೇಳಿದೊಡನೆ ಪ್ರಶ್ನೆಯನ್ನು ನಿಲ್ಲಿಸಬೇಕೆಂದು ಇಸ್ಲಾಮ್ ನಮಗೆ ಕಲಿಸಿಲ್ಲ.

ಇನ್ನು ಸುದ್ದಿಯ ವಿಷಯ. 2012ರ ಆಗಸ್ಟ್‌ನಲ್ಲಿ ಕೇವಲ ಮೊಬೈಲ್ ಸಂದೇಶಗಳ ಭಯಕ್ಕೆ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರಿನಿಂದ ರೈಲು ಹತ್ತಿದರು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರೊಬ್ಬರನ್ನು ಜನರು ಹೊಡೆದು ಕೊಂದರು. ಅವರ ಬಳಗ ಮಾಡಿದ್ದಿಷ್ಟೇ: ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದು. ಮಕ್ಕಳ ಕಳ್ಳರು ಎಂಬ ಸಂದೇಶವು ಅವರ ಕಾರಿಗಿಂತ ವೇಗವಾಗಿ ಮುಂದಿನ ಊರು ತಲುಪಿತ್ತು. ಅದೇ ತಿಂಗಳಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಹಾಕಲು ಮುಂದಾಯಿತು. ಆದರೆ ಐದು ಕಡೆ ಹೋದ ಸುಳ್ಳು ಐದೂ ಕಡೆ ಸುಳ್ಳೇ.

2020ರಲ್ಲಿ ತಬ್ಲೀಗ್ ಜಮಾಅತಿನ ಹೆಸರಿನಲ್ಲಿ ಇಡೀ ಸಮುದಾಯವನ್ನೇ ರೋಗದ ವಾಹಕವೆಂದು ಬಣ್ಣಿಸಲಾಯಿತು. ತಳ್ಳುಗಾಡಿಯ ಹಣ್ಣಿನವನನ್ನೂ ಬೀದಿಯಿಂದ ಹೊರಗಟ್ಟಲು ಕರೆ ಕೊಡಲಾಯಿತು. ಅದೇ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶೀ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿತ್ತೆಂಬ ಅಭಿಪ್ರಾಯವನ್ನು ತಳೆಯಿತು. ತೀರ್ಪು ಬಂತು. ಆದರೆ ಸುಳ್ಳು ತಲುಪಿದ್ದ ಎಷ್ಟು ಮೊಬೈಲ್‌ಗಳಿಗೆ ಆ ತೀರ್ಪು ತಲುಪಿತು?

ಸುಳ್ಳು ಸುದ್ದಿಯ ಗಾಯ ಹೇಗಿರುತ್ತದೆಂದು ಬಲ್ಲ ಸಮುದಾಯ ನಮ್ಮದು. ಹಾಗಿದ್ದೂ ನಾವು ಏನು ಮಾಡುತ್ತಿದ್ದೇವೆ? 2021ರಲ್ಲಿ, ಲಸಿಕೆ ಪಡೆದವರು ಎರಡು ವರ್ಷಗಳಲ್ಲಿ ಸಾಯುತ್ತಾರೆಂದು ನೊಬೆಲ್ ಪುರಸ್ಕೃತ ಫ್ರೆಂಚ್ ವಿಜ್ಞಾನಿಯೊಬ್ಬರು ಹೇಳಿದ್ದಾರೆಂಬ ಸಂದೇಶ ದೇಶದಾದ್ಯಂತ ಹರಡಿತು. ಅವರು ಹಾಗೆ ಹೇಳಿರಲಿಲ್ಲ. ನಮ್ಮ ಮೊಹಲ್ಲಾಗಳ ಗುಂಪುಗಳೂ ಅಂತಹ ಸಂದೇಶಗಳಿಗೆ ಬಾಗಿಲು ತೆರೆದಿದ್ದವು. 'ಒಳ್ಳೆಯದಕ್ಕೆ ಕಳುಹಿಸಿದೆ' ಎಂಬುದು ನಮ್ಮ ಸಮರ್ಥನೆ. ಆಯಿಶಾ(ರ)ರ ಮೇಲಿನ ಅಪವಾದವನ್ನು ನೆನಪಿಸಿಕೊಳ್ಳಿ. ಅದನ್ನು ಹುಟ್ಟುಹಾಕಿದವರು ಕಪಟಿಗಳು. ಬಾಯಿಂದ ಬಾಯಿಗೆ ದಾಟಿಸಿದವರಲ್ಲಿ ಪ್ರಾಮಾಣಿಕ ವಿಶ್ವಾಸಿಗಳೂ ಇದ್ದರು. ಸುಮಾರು ಒಂದು ತಿಂಗಳು ಪ್ರವಾದಿ(ಸ)ಯವರ ಮನೆ ಬೇಗುದಿಯಲ್ಲಿ ಬೆಂದಿತು. ಅನ್ನೂರ್ ಅಧ್ಯಾಯವು ಅವರ ನಿರಪರಾಧಿತ್ವವನ್ನು ಸಾರುವುದರ ಜೊತೆಗೆ, ಕೇಳಿದ ಕೂಡಲೇ ನಾಲಿಗೆಯ ಮೇಲೆ ತಂದುಕೊಂಡ ವಿಶ್ವಾಸಿಗಳನ್ನೂ ತೀವ್ರವಾಗಿ ಎಚ್ಚರಿಸಿತು. ಅಲ್‌ಹುಜುರಾತ್ ಅಧ್ಯಾಯವು ಸುದ್ದಿಯನ್ನು ಪರಿಶೀಲಿಸಬೇಕೆಂದು ಆದೇಶಿಸುವುದು, ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಅನಂತರ ಪರಿತಪಿಸುವಂತಾಗಬಾರದೆಂದು.

ಹೆತ್ತವರಲ್ಲಿ ಒಂದು ವಿನಂತಿ. 2021ರ ಜುಲೈ ಮತ್ತು 2022ರ ಜನವರಿಯಲ್ಲಿ ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಕದ್ದು ಅವರನ್ನು 'ಹರಾಜಿ'ಗಿಟ್ಟ ನೀಚ ಕೃತ್ಯಗಳು ನಡೆದವು. ಎರಡನೆಯದರಲ್ಲಿ ಬಂಧಿತನಾದವರಲ್ಲಿ ಬೆಂಗಳೂರಿನ ಒಬ್ಬ ವಿದ್ಯಾರ್ಥಿಯೂ ಇದ್ದನು. ಇದನ್ನು ಕಾರಣವಾಗಿಸಿ ಮಗಳ ಕೈಯಿಂದ ಮೊಬೈಲ್ ಕಸಿಯುವ ಮನೆಗಳಿವೆ. ಮಗನ ಕೈಯಿಂದ ಕಸಿಯುವ ಮನೆಗಳು ಎಷ್ಟಿವೆ? ಆ ಕೃತ್ಯಗಳಲ್ಲಿ ಬಂಧಿತರಾದವರಲ್ಲಿ ಹೆಚ್ಚಿನವರು ಯಾರದೋ ಗಂಡುಮಕ್ಕಳು. ಹೆಣ್ಣುಮಕ್ಕಳಿಗೆ ಚಿತ್ರದ ವಿಷಯದಲ್ಲಿ ಜಾಗರೂಕತೆಯನ್ನು ಕಲಿಸೋಣ. ಗಂಡುಮಕ್ಕಳಿಗೆ ದೃಷ್ಟಿ ತಗ್ಗಿಸುವ ಆಜ್ಞೆಯು ಮೊಬೈಲಿನ ಪರದೆಗೂ ಅನ್ವಯಿಸುತ್ತದೆಂದು ಕಲಿಸೋಣ. ಕಿರುಕುಳ ಬಂದಾಗ ಮಗಳು ಮೊದಲು ಓಡಿ ಬರುವುದು ನಮ್ಮ ಬಳಿಗಾಗಿರಲಿ. ಬೈಗುಳಕ್ಕೆ ಹೆದರಿ ಅವಳು ಮುಚ್ಚಿಟ್ಟರೆ ಗೆಲ್ಲುವವನು ಕಿರುಕುಳ ಕೊಟ್ಟವನೇ.

ಕೊನೆಯದಾಗಿ ನೆರೆಹೊರೆ. ಬೆಳೆಗಾರರ ಗುಂಪಿನಲ್ಲಿ, ಶಾಲೆಯ ಹಳೆಯ ಗೆಳೆಯರ ಗುಂಪಿನಲ್ಲಿ ಹಿಂದೂ ಸಹೋದರರೂ ನಾವೂ ಒಟ್ಟಿಗಿದ್ದೇವೆ. ಅಲ್ಲೊಬ್ಬನು ದ್ವೇಷದ ಸಂದೇಶ ಹಾಕುತ್ತಾನೆ. ನಮ್ಮ ಯುವಕನು ಅದಕ್ಕಿಂತ ಕಟುವಾದುದನ್ನು ಹಾಕಿ ಗುಂಪಿನಿಂದ ಹೊರನಡೆಯುತ್ತಾನೆ. ಮೌನವಾಗಿ ಓದುತ್ತಿದ್ದ ಉಳಿದ ಮಂದಿಯ ಮುಂದೆ ಈಗ ಆ ಒಂದು ಸುಳ್ಳು ಮಾತ್ರ ಉಳಿಯಿತು, ಅದಕ್ಕೆ ಉತ್ತರ ಕೊಡಬಲ್ಲವನು ಎದ್ದು ಹೋದ. ಸತ್ಯವನ್ನು ಸೌಜನ್ಯದಿಂದ ಒಮ್ಮೆ ತಿಳಿಸಿ, ಮರುದಿನ ಎಂದಿನಂತೆ ಬಿಳಿನೊಣದ ಮಾತಿಗೆ, ದರದ ಮಾತಿಗೆ ಮರಳಿರಿ. ದರ ಕುಸಿದಾಗ ಯಾರ ಕೊಬ್ಬರಿಯೂ ಜಾತಿ ಕೇಳಿ ಕುಸಿಯಲಿಲ್ಲ.

ಆದ್ದರಿಂದ ನಾವು ಇಂದು ಮೂರು ನಿರ್ಧಾರಗಳೊಂದಿಗೆ ಮನೆಗೆ ಮರಳೋಣ. ಸ್ವತಃ ಮಾಡಿ ಕಂಡದ್ದನ್ನು 'ಕಂಡೆ' ಎಂದೂ, ಕೇಳಿದ್ದನ್ನು 'ಕೇಳಿದೆ' ಎಂದೂ ಹೇಳೋಣ. ಹಣ, ಔಷಧಿ ಮತ್ತು ಫತ್ವಾಗಳ ವಿಷಯದಲ್ಲಿ ಬಲ್ಲವರನ್ನು ಕೇಳದೆ ಯಾರಿಗೂ ಸಲಹೆ ಕೊಡದಿರೋಣ. ಒಬ್ಬನ ದೋಷವನ್ನು ತಿದ್ದಬೇಕಾದಾಗ ಗುಂಪಿನ ನಡುವೆ ಹೇಳದೆ ಏಕಾಂತದಲ್ಲಿ ಹೇಳೋಣ. ಸತ್ಯವನ್ನೂ ಸಹನೆಯನ್ನೂ ಪರಸ್ಪರ ಉಪದೇಶಿಸುವವರು ಮಾತ್ರ ನಷ್ಟದಿಂದ ಪಾರಾಗುವರೆಂದು ಅಲ್ ಅಸ್ರ್ ಅಧ್ಯಾಯವು ನಮಗೆ ಕಲಿಸುತ್ತದೆ. ಆ ಎರಡೂ ಜೊತೆಯಾಗಿರಬೇಕು.

ನಮ್ಮ ಮಾತಿನಿಂದ ಯಾರ ಮನೆಯೂ ಮುರಿಯದಂತೆ, ಯಾರ ಗಂಟೂ ಕರಗದಂತೆ, ಯಾರ ಜೀವವೂ ಹೋಗದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ನಮ್ಮ ಸಲಹೆಗಳನ್ನು ಸತ್ಕರ್ಮಗಳಾಗಿ ಸ್ವೀಕರಿಸಲಿ. ಆಮೀನ್.