ಡೊಂಕು ಬದುವಿನ ಗಣಿತ



ಶಾಲೆಯ ಗಣಿತವನ್ನು ಕಲಿಸುವುದಕ್ಕೆಂದು ಅಂತರಜಾಲದಲ್ಲಿ ಇಂದು ದೊರೆಯುವ ಸಾಮಗ್ರಿ ಅಪಾರವಾದುದು. ಆದರೆ ಅದರಲ್ಲಿ ಬಹುಪಾಲು, ಉಪಾಧ್ಯಾಯರು ಕರಿಹಲಗೆಯ ಮೇಲೆ ಬರೆಯುತ್ತಿದ್ದುದಕ್ಕೇ ಬಣ್ಣ ಹಚ್ಚಿ ಕುಣಿಸಿ, ಹುಡುಗರನ್ನು ಹಿಂದಿನಂತೆಯೇ ಸುಮ್ಮನೆ ಕೂರಿಸುವಂಥದು. ನಮ್ಮ ಗಮನಕ್ಕೆ ಅರ್ಹವಾದುದು, ಆಕೃತಿಯನ್ನು ಮಗುವಿನ ಕೈಗೇ ಒಪ್ಪಿಸಿ 'ಎಳೆದು ನೋಡು' ಎನ್ನುವ ಬಗೆಯದು. 2001ರಲ್ಲಿ ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬವರು ಆರಂಭಿಸಿದ ಜಿಯೋಜಿಬ್ರಾ ಎಂಬ ತಂತ್ರಾಂಶ ಈ ಬಗೆಗೆ ಸೇರಿದುದು. ವಿದ್ಯಾರ್ಥಿಗಳಿಗೆ ಅದು ಉಚಿತ. ಐಟಿ ಫಾರ್ ಚೇಂಜ್ ಸಂಸ್ಥೆಯೂ ರಾಜ್ಯದ ಶಿಕ್ಷಣ ಇಲಾಖೆಯೂ ಕೂಡಿ ಕಟ್ಟಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ'ದಲ್ಲಿ ಅದನ್ನು ಬಳಸುವ ಪಾಠಗಳು ಕನ್ನಡದಲ್ಲಿಯೇ ಇವೆ.

ಅಂಥದೊಂದು ಪಾಠವನ್ನು ನೋಡೋಣ. ಬಾನುಲಿಯಲ್ಲಿ ಚಿತ್ರ ತೋರಿಸುವ ಉಪಾಯವಿಲ್ಲ. ಆದುದರಿಂದ ಹುಲಕೋಟಿಯ ಕಡೆಯ ಎರೆಹೊಲವೊಂದನ್ನು ಮನಸ್ಸಿನಲ್ಲಿಯೇ ಬರೆದುಕೊಳ್ಳಿರಿ. ಎಡಕ್ಕೆ ಅಣ್ಣನ ಹೊಲ, ಬಲಕ್ಕೆ ತಮ್ಮನದು. ನಡುವಣ ಬದು ಬಡಗಣ ಅಂಚಿನಿಂದ ಹೊರಟು, ಒಂದೆಡೆ ಮೊಣಕೈಯಂತೆ ತಮ್ಮನ ಕಡೆಗೆ ಬಾಗಿ, ತೆಂಕಣ ಅಂಚನ್ನು ಮುಟ್ಟುತ್ತದೆ. ಕೂರಿಗೆ ಹೂಡುವವನಿಗೂ ಟ್ರ್ಯಾಕ್ಟರ್ ನಡೆಸುವವನಿಗೂ ಈ ಡೊಂಕು ತೊಡಕೇ ಸರಿ. ಯಾರ ಪಾಲಿನಲ್ಲಿಯೂ ಒಂದು ಗುಂಟೆಯೂ ಕುಂದದಂತೆ ಇದನ್ನು ನೆಟ್ಟಗೆ ಮಾಡಬಹುದೆ?

ಇಂಥ ಪ್ರಶ್ನೆ ನಮ್ಮ ನಾಡಿಗೆ ಹೊಸತಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಗಣಿತಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. 12ನೆಯ ಶತಮಾನದ ರಾಜಾದಿತ್ಯನು ಆ ವಿಷಯವನ್ನು ಕನ್ನಡಕ್ಕೇ ತಂದನು.

ಬದುವನ್ನು ತಿದ್ದುವ ಮುನ್ನ, ಜಿಯೋಜಿಬ್ರಾದ ಪರದೆಯ ಮೇಲೆ ಒಂದು ತ್ರಿಭುಜ. ಪಾದವನ್ನು ಕದಲಿಸದೆ, ಪಾದಕ್ಕೆ ಸಮಾಂತರವಾದ ಗೆರೆಯ ಮೇಲೆ ಶೃಂಗವನ್ನು ದೂರ ದೂರಕ್ಕೆ ಎಳೆಯಬೇಕು. ಎಳೆಯುವ ಮುನ್ನ 'ವಿಸ್ತೀರ್ಣ ಏನಾದೀತು?' ಎಂದು ಕೇಳುವುದು ಉಪಾಧ್ಯಾಯರ ಕೆಲಸ, ಯಂತ್ರದ್ದಲ್ಲ. ಭುಜಗಳು ಉದ್ದವಾಗುವುದರಿಂದ ವಿಸ್ತೀರ್ಣವೂ ಹಿಗ್ಗೀತೆಂದು ಹಲವರು ವಾದಿಸುವರು. ಎಳೆದರೆ ಸುತ್ತಳತೆ ಏರುತ್ತಲೇ ಹೋಗುತ್ತದೆ, ವಿಸ್ತೀರ್ಣದ ಅಂಕೆ ಮಾತ್ರ ಅಲುಗುವುದಿಲ್ಲ. ನಲವತ್ತು ಮಕ್ಕಳ ಕೈಯಲ್ಲಿ ನಲವತ್ತು ಫೋನುಗಳಿರುವುದಕ್ಕಿಂತ, ಒಂದೇ ಪರದೆಯ ಮುಂದೆ ನಲವತ್ತು ಮಕ್ಕಳು ಜಗಳಾಡುವುದೇ ಮೇಲೆಂದು ನನ್ನ ಎಣಿಕೆ. ಆದರೂ ಅಂಕೆ ಅಲುಗದಿರುವುದು ಪ್ರಮಾಣವಲ್ಲ. ಪಾದ ಅದೇ, ಎತ್ತರವೂ ಅದೇ ಎಂಬ ಕಾರಣವನ್ನು ಯಾರಾದರೊಬ್ಬ ಹುಡುಗಿ ಬಾಯಿಬಿಟ್ಟು ಹೇಳಿದಾಗಲೇ ಸಾಧನೆ ಮುಗಿದಂತೆ.

ಇನ್ನು ಬದುವಿಗೆ ಬರೋಣ. ಅದರ ಎರಡು ತುದಿಗಳ ನಡುವೆ ಹಗ್ಗ ಹಿಡಿಯಿರಿ. ಹಗ್ಗಕ್ಕೆ ಸಮಾಂತರವಾಗಿ, ಬಾಗಿದ ಮೂಲೆಯಿಂದ ಗೆರೆ ಎಳೆದು, ಅದು ತೆಂಕಣ ಅಂಚನ್ನು ಸಂಧಿಸುವೆಡೆ ಗೂಟ ನೆಡಿರಿ. ಬಡಗಣ ತುದಿಯಿಂದ ಆ ಗೂಟಕ್ಕೆ ನೇರವಾಗಿ ಹೋದುದೇ ಹೊಸ ಬದು. ಹಳೆಯ ಮೂಲೆಯ ತ್ರಿಭುಜಕ್ಕೂ ಹೊಸ ಗೂಟದ ತ್ರಿಭುಜಕ್ಕೂ ಹಗ್ಗವೇ ಪಾದವಾಗಿ, ಶೃಂಗಗಳೆರಡೂ ಒಂದೇ ಸಮಾಂತರ ರೇಖೆಯ ಮೇಲಿರುವುದರಿಂದ, ಅಣ್ಣ ಬಿಟ್ಟಷ್ಟೇ ನೆಲ ಅವನಿಗೆ ಮರಳಿ ಬರುತ್ತದೆ.

ಬದುವಿಗೆ ಒಂದರ ಬದಲು ಎರಡು ಡೊಂಕುಗಳಿದ್ದರೆ ಇದೇ ಕ್ರಮವನ್ನು ಎರಡು ಸಲ ನಡೆಸಬೇಕು. ಯಾವ ಡೊಂಕನ್ನು ಮೊದಲು ತಿದ್ದಿದರೂ ನಡೆಯುತ್ತದೆಯೇ ಎಂಬುದನ್ನು ಒಂಬತ್ತನೆಯ ತರಗತಿಯ ಮಕ್ಕಳು ಪರದೆಯ ಮೇಲೆ ಎಳೆದು ನೋಡಲಿ.