ಹದಗೆಟ್ಟ ರಸ್ತೆ, ಗಾಯಗೊಂಡ ಸವಾರ: ಪರಿಹಾರ ಕೋರುವ ದಾರಿ



ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ನಡುವೆ ಸುಮಾರು 350 ಕಿಲೋಮೀಟರುಗಳ ಅಂತರವಿದೆ. ಕೋಲ್ಕತ್ತಾ ಮತ್ತು ಚೆನ್ನೈಗಳನ್ನು ಕೂಡಿಸುವ 16ನೆಯ ರಾಷ್ಟ್ರೀಯ ಹೆದ್ದಾರಿಯು ಈ ಎರಡೂ ನಗರಗಳನ್ನು ಹಾದುಹೋಗುತ್ತದೆ. ಬಂದರು ಮತ್ತು ಉಕ್ಕಿನ ಕಾರ್ಖಾನೆಗಳ ನಿಮಿತ್ತ ಮೊದಲನೆಯ ನಗರಕ್ಕೂ, ವ್ಯಾಪಾರ ಮತ್ತು ಕನಕದುರ್ಗೆಯ ದರ್ಶನದ ನಿಮಿತ್ತ ಎರಡನೆಯದಕ್ಕೂ ಕರ್ನಾಟಕದಿಂದ ಹೋಗಿಬರುವವರುಂಟು. 2014ರ ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣವನ್ನು ಅಪ್ಪಳಿಸಿತು; 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆಯ ಪ್ರವಾಹವು ವಿಜಯವಾಡದ ಬಡಾವಣೆಗಳನ್ನು ಮುಳುಗಿಸಿತು. ಕರಾವಳಿಯ ಇಂತಹ ಮಳೆಯಲ್ಲಿ ಡಾಂಬರು ಕಿತ್ತು ಗುಂಡಿಗಳು ಬೀಳುತ್ತವೆ. ಗುಂಡಿಯಲ್ಲಿ ನೀರು ನಿಂತರೆ ಅದು ಸವಾರನ ಕಣ್ಣಿಗೆ ಕಾಣುವುದೇ ಇಲ್ಲ.

ಬಳ್ಳಾರಿಯಿಂದ ಕೆಲಸಕ್ಕೆಂದು ಹೋದ ಯುವಕನೊಬ್ಬನು ವಿಜಯವಾಡದ ಬೀದಿಯಲ್ಲಿ ಇಂತಹ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡನೆಂದು ಇಟ್ಟುಕೊಳ್ಳಬಹುದು. ಅವನ ಮನೆಯವರ ಮೊದಲ ಪ್ರಶ್ನೆ, ಪರಿಹಾರವನ್ನು ಯಾರಿಂದ ಕೇಳಬೇಕು ಎಂಬುದು. ಇದಕ್ಕೆ ಸರಿಯಾದ ಉತ್ತರ ತಿಳಿಯದೆ ತಪ್ಪು ಬಾಗಿಲು ತಟ್ಟಿದರೆ ಹಣವೂ ಕಾಲವೂ ವ್ಯರ್ಥವಾಗುತ್ತವೆ.

ಅಪಘಾತವೆಂದೊಡನೆ ಎಲ್ಲರೂ ನೆನೆಯುವುದು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯನ್ನು. 1988ರ ಮೋಟಾರು ವಾಹನಗಳ ಅಧಿನಿಯಮದ 166ನೆಯ ಪ್ರಕರಣದ ಮೇರೆಗೆ ಅಲ್ಲಿ ಅರ್ಜಿ ಸಲ್ಲಿಸಲಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಹೊಣೆಗಾರರಾಗುವವರು ವಾಹನದ ಚಾಲಕ, ಮಾಲೀಕ ಮತ್ತು ವಿಮಾ ಸಂಸ್ಥೆ. ಗುಂಡಿಯನ್ನು ತಪ್ಪಿಸಲು ಸರಿದ ಸವಾರನಿಗೆ ಅಜಾಗರೂಕತೆಯಿಂದ ಬಂದ ಲಾರಿ ಬಡಿದರೆ ಈ ದಾರಿ ತೆರೆದಿದೆ. ಇಂತಹ ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿ ಮಾತ್ರವಲ್ಲ, ಅರ್ಜಿದಾರನು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿಯೂ ಸಲ್ಲಿಸಬಹುದು. ಬಳ್ಳಾರಿಯ ಯುವಕನು ಬಳ್ಳಾರಿಯಲ್ಲಿಯೇ ಸಲ್ಲಿಸಬಹುದು. ಆದರೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅರ್ಜಿಗೆ ಆರು ತಿಂಗಳ ಅವಧಿಯನ್ನು ವಿಧಿಸಲಾಗಿದೆ. ವಿಳಂಬ ಸಲ್ಲದು.

ಬೇರೆ ಯಾವ ವಾಹನವೂ ಇಲ್ಲದೆ ಸವಾರನು ತಾನೇ ಬಿದ್ದರೆ ಸ್ಥಿತಿ ಬೇರೆ. ತನ್ನದೇ ವಾಹನದ ಮೂರನೆಯ ವ್ಯಕ್ತಿಯ ವಿಮೆಯಿಂದ ಅವನಿಗೆ ಏನೂ ದೊರೆಯದು, ಏಕೆಂದರೆ ಅವನು ಮೂರನೆಯ ವ್ಯಕ್ತಿಯಲ್ಲ. ಮಾಲೀಕನೇ ಸವಾರನಾಗಿದ್ದು, ಚಾಲನಾ ಪರವಾನಗಿ ಹೊಂದಿದ್ದರೆ, ವಿಮಾ ಪತ್ರದಲ್ಲಿ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂದು ನೋಡಬೇಕು. ಇದು ಮರಣಕ್ಕೂ ಶಾಶ್ವತ ಅಂಗವೈಕಲ್ಯಕ್ಕೂ ಸಲ್ಲುತ್ತದೆಯೇ ಹೊರತು ಆಸ್ಪತ್ರೆಯ ಖರ್ಚಿಗೆ ಅಲ್ಲ. ಹಿಂಬದಿಯಲ್ಲಿ ಕುಳಿತವನಿಗೂ ವಿಮಾ ಪತ್ರದಲ್ಲಿ ರಕ್ಷಣೆ ಇದ್ದರೆ ಮಾತ್ರ ವಿಮಾ ಸಂಸ್ಥೆಯ ಹೊಣೆ ಉಂಟಾಗುತ್ತದೆ. ಚಿಕಿತ್ಸೆಯ ಮಟ್ಟಿಗೆ, 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಕೇಂದ್ರ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದು ಪಾವತಿಯಿಲ್ಲದೆ ಉಪಚಾರ ದೊರೆಯುತ್ತದೆ.

ಇನ್ನು ರಸ್ತೆಯನ್ನು ಹದಗೆಡಲು ಬಿಟ್ಟವರ ಹೊಣೆಯ ಮಾತು. ಮೊದಲು ರಸ್ತೆ ಯಾರದೆಂದು ಗೊತ್ತುಪಡಿಸಿಕೊಳ್ಳಬೇಕು. ನಗರದ ಬೀದಿಗಳು ಸಾಮಾನ್ಯವಾಗಿ ವಿಶಾಖಪಟ್ಟಣದಲ್ಲಿ ಮಹಾ ವಿಶಾಖ ನಗರಪಾಲಿಕೆಗೂ, ವಿಜಯವಾಡದಲ್ಲಿ ಅಲ್ಲಿನ ನಗರಪಾಲಿಕೆಗೂ ಸೇರಿವೆ. ರಾಜ್ಯದ ರಸ್ತೆಗಳನ್ನು ರಸ್ತೆ ಮತ್ತು ಕಟ್ಟಡಗಳ ಇಲಾಖೆಯು ನೋಡಿಕೊಳ್ಳುತ್ತದೆ. ಹೆದ್ದಾರಿಯಾದರೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವನ್ನೂ ಗುತ್ತಿಗೆದಾರರನ್ನೂ ವಿಚಾರಿಸಬೇಕಾಗುತ್ತದೆ.

ಇವರ ವಿರುದ್ಧದ ದಾವೆ ನಿರ್ಲಕ್ಷ್ಯದ ಆಧಾರದ ಮೇಲಿನ ಸಿವಿಲ್ ದಾವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೆಯ ಪ್ರಕರಣದಂತೆ ಅದನ್ನು ಹಾನಿ ಸಂಭವಿಸಿದ ಅಥವಾ ಪ್ರತಿವಾದಿಯು ಇರುವ ಸ್ಥಳದಲ್ಲಿ ಹೂಡಬೇಕು. ಹೀಗಾಗಿ ನಗರಪಾಲಿಕೆಯ ವಿರುದ್ಧ ಬಳ್ಳಾರಿಯಲ್ಲಿ ದಾವೆ ಹೂಡಲಾಗದು. ವಿಜಯವಾಡದ ನ್ಯಾಯಾಲಯಕ್ಕೇ ಹೋಗಬೇಕು. ಪ್ರತಿವಾದಿಯು ಸರ್ಕಾರವಾದರೆ 80ನೆಯ ಪ್ರಕರಣದಂತೆ ಎರಡು ತಿಂಗಳು ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕು. ಸಂಗತಿಗಳು ನಿರ್ವಿವಾದವಾಗಿರುವಲ್ಲಿ ಸಂವಿಧಾನದ 226ನೆಯ ಅನುಚ್ಛೇದದ ಮೇರೆಗೆ, 2019ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ, ಅಮರಾವತಿಯಲ್ಲಿ ಕಾರ್ಯನಿರ್ವಹಿಸುತ್ತಿರುವ ಆಂಧ್ರಪ್ರದೇಶ ಹೈಕೋರ್ಟಿನ ಮೊರೆ ಹೋಗಲೂ ಅವಕಾಶವಿದೆ.

ನ್ಯಾಯಾಲಯಗಳು ಈ ಹೊಣೆಯನ್ನು ಹಿಂದಿನಿಂದಲೂ ಎತ್ತಿಹಿಡಿದಿವೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ದಾರಿಹೋಕರು ಮೃತಪಟ್ಟ ಪ್ರಕರಣದಲ್ಲಿ, 1966ರಲ್ಲಿ ಸುಪ್ರೀಂ ಕೋರ್ಟು ಅಲ್ಲಿನ ನಗರಪಾಲಿಕೆಯನ್ನೇ ಹೊಣೆಯಾಗಿಸಿತು. 2013ರಿಂದ 2017ರವರೆಗೆ ರಸ್ತೆ ಗುಂಡಿಗಳಿಂದ ದೇಶದಲ್ಲಿ 14,926 ಮಂದಿ ಮೃತಪಟ್ಟರೆಂಬ ಅಂಕಿಅಂಶ 2018ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದಾಗ, ಇದು ಒಪ್ಪತಕ್ಕದ್ದಲ್ಲವೆಂದು ಅದು ಹೇಳಿತು. ಸುಸ್ಥಿತಿಯ ರಸ್ತೆಯು ನಾಗರಿಕರ ಜೀವಿಸುವ ಹಕ್ಕಿನ ಭಾಗವೆಂದೂ, ಗುಂಡಿಗಳಿಂದ ಹಾನಿಗೊಳಗಾದವರು ಪರಿಹಾರ ಕೇಳಬಹುದೆಂದೂ ಕರ್ನಾಟಕ ಹೈಕೋರ್ಟು 2019ರಲ್ಲಿ ಬೆಂಗಳೂರಿನ ರಸ್ತೆಗಳ ಕುರಿತ ಅರ್ಜಿಯಲ್ಲಿ ತಿಳಿಸಿತು. 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು, ಗುಂಡಿಗಳಿಂದಾದ ಮರಣಕ್ಕೆ 6 ಲಕ್ಷ ರೂಪಾಯಿಗಳನ್ನೂ, ಗಾಯಕ್ಕೆ 50 ಸಾವಿರದಿಂದ ಎರಡೂವರೆ ಲಕ್ಷ ರೂಪಾಯಿಗಳನ್ನೂ ಕೊಡಬೇಕೆಂದು ಆದೇಶಿಸಿತು. ಅದು ಮಹಾರಾಷ್ಟ್ರಕ್ಕೆ ಸಂಬಂಧಿಸಿದ್ದು. ಆದರೂ ಬೇರೆಡೆಯ ವಾದಕ್ಕೆ ಬಲ ಕೊಡಬಲ್ಲದು.

2019ರಲ್ಲಿ ಸೇರಿಸಲಾದ 198-ಎ ಪ್ರಕರಣದಂತೆ, ರಸ್ತೆಯ ನಿರ್ಮಾಣ ಹಾಗೂ ನಿರ್ವಹಣೆಯ ಮಾನದಂಡ ಪಾಲಿಸದೆ ಮರಣ ಅಥವಾ ಅಂಗವೈಕಲ್ಯಕ್ಕೆ ಕಾರಣರಾದವರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಈ ದಂಡವು ಅಪಘಾತ ನಿಧಿಗೆ ಸೇರುವುದೇ ವಿನಾ ಗಾಯಾಳುವಿನ ಕೈಗೆ ಬರುವುದಿಲ್ಲ. ಆದರೆ ನ್ಯಾಯಾಲಯವು ಏನನ್ನು ಪರಿಶೀಲಿಸಬೇಕೆಂಬುದನ್ನು ಈ ಪ್ರಕರಣ ಸ್ಪಷ್ಟಪಡಿಸುತ್ತದೆ: ರಸ್ತೆ ಅಪಾಯಕಾರಿಯಾಗಿದೆಯೆಂದು ಸಂಬಂಧಪಟ್ಟವರಿಗೆ ತಿಳಿದಿತ್ತೇ, ದುರಸ್ತಿಗೆ ಅವಕಾಶವಿತ್ತೇ, ಎಚ್ಚರಿಕೆಯ ಫಲಕವಿತ್ತೇ ಎಂಬುವೇ ಆ ಅಂಶಗಳು.

ಆದುದರಿಂದ ಸಾಕ್ಷ್ಯವೇ ಮುಖ್ಯ. ಅಪಘಾತದ ಸುದ್ದಿ ಹರಡಿದೊಡನೆ ಗುಂಡಿಯನ್ನು ಮುಚ್ಚಿಬಿಡುವುದುಂಟು. ಮುಚ್ಚಿದ ಮೇಲೆ ಅದು ಅಲ್ಲಿತ್ತೆಂದು ತೋರಿಸುವುದು ಕಷ್ಟ. ಅದೇ ದಿನ ಗುಂಡಿಯ ಅಗಲ, ಆಳ ಮತ್ತು ಸುತ್ತಲಿನ ಗುರುತುಗಳು ಕಾಣುವಂತೆ ಛಾಯಾಚಿತ್ರ ತೆಗೆಯಬೇಕು. ನೋಡಿದವರ ಹೆಸರು, ವಿಳಾಸ ಬರೆದಿಟ್ಟುಕೊಳ್ಳಬೇಕು. ಸವಾರನೇ ಅಜಾಗರೂಕನಾಗಿದ್ದನೆಂದು ಪೊಲೀಸರು ಬರೆದುಕೊಳ್ಳುವ ಸಂಭವವಿರುವುದರಿಂದ, ಹೇಳಿಕೆಯಲ್ಲಿ ಗುಂಡಿಯ ಸಂಗತಿ ಸ್ಪಷ್ಟವಾಗಿ ಬರುವಂತೆ ನೋಡಿಕೊಳ್ಳಬೇಕು. ಗಾಯದ ಪ್ರಮಾಣಪತ್ರ, ಔಷಧಿಯ ರಸೀತಿಗಳು ಮತ್ತು ಸಂಬಳದ ದಾಖಲೆಯನ್ನು ಜೋಪಾನ ಮಾಡಬೇಕು. ಆ ರಸ್ತೆಯ ಬಗೆಗೆ ಹಿಂದೆ ದೂರುಗಳು ಬಂದಿದ್ದವೇ, ಗುತ್ತಿಗೆ ಯಾರಿಗಿತ್ತು ಎಂಬುದನ್ನು 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಶಿರಸ್ತ್ರಾಣ ಧರಿಸದಿದ್ದರೆ, ಮದ್ಯ ಸೇವಿಸಿದ್ದರೆ, ಅತಿ ವೇಗದಲ್ಲಿದ್ದರೆ ಪರಿಹಾರ ಕಡಿಮೆಯಾಗಬಹುದು.

ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕೈಗಾರಿಕಾ ಕಾರ್ಮಿಕರು ಉಚಿತ ನೆರವಿಗೆ ಅರ್ಹರು. ದೂರವಾಣಿ ಸಂಖ್ಯೆ 15100ರಲ್ಲಿ ಸಲಹೆ ದೊರೆಯುತ್ತದೆ. ಹೆದ್ದಾರಿಯಲ್ಲಿ ನೆರವಿಗೆ 1033, ಆಂಬುಲೆನ್ಸಿಗೆ 108 ಇವೆ.

ಪರಿಹಾರವು ಯಾರೋ ಕೊಡುವ ದಾನವಲ್ಲ. ತೆರಿಗೆ ಕೊಟ್ಟು ರಸ್ತೆಯನ್ನು ನಂಬಿ ಹೊರಟವನಿಗೆ ಸಲ್ಲತಕ್ಕ ಬಾಕಿ. ಮುರಿದ ಕಾಲು ಕೂಡಿಕೊಳ್ಳುವಷ್ಟು ದಿನ ದುಡಿಮೆ ನಿಂತ ಮನೆಗೆ ಆ ಬಾಕಿಯೇ ಆಸರೆ. ಅದನ್ನು ಸಕಾಲದಲ್ಲಿ, ಸರಿಯಾದ ಸ್ಥಳದಲ್ಲಿ, ಸಾಕ್ಷ್ಯಸಮೇತವಾಗಿ ಕೇಳಿದವನು ತನ್ನ ಹಿಂದೆ ಬರುವ ಸವಾರನಿಗೂ ಉಪಕಾರ ಮಾಡಿದಂತಾಗುತ್ತದೆ.